ಬಲ, ಚಲನೆ, ದ್ರವದ ಒತ್ತಡ: ಮೂರಕ್ಕೂ ಒಂದೇ ದಾರಿಯಲ್ಲಿ ಲೆಕ್ಕ ಬಿಡಿಸುವುದು ಹೇಗೆ?

ಪಠ್ಯಪುಸ್ತಕದಲ್ಲಿ ಚಲನೆ ಒಂದು ಅಧ್ಯಾಯ, ನ್ಯೂಟನ್ನನ ನಿಯಮಗಳು ಇನ್ನೊಂದು. ದ್ರವಗಳು ಅವೆರಡರಿಂದ ಎಷ್ಟೋ ಪುಟ ದೂರದಲ್ಲಿ ಬೇರೆಯೇ ಊರಿನವರ ಹಾಗೆ ಕೂತಿರುತ್ತವೆ. ಹೀಗಾಗಿ ಓದುವವರು ಮೂರಕ್ಕೂ ಮೂರು ಸೂತ್ರಪಟ್ಟಿ ಮಾಡಿ ಬಾಯಿಪಾಠ ಹಾಕುತ್ತಾರೆ. ಪ್ರಶ್ನೆ ತುಸು ತಿರುಚಿ ಬಂದರೆ ಯಾವ ಸೂತ್ರ ಹಚ್ಚಬೇಕೆಂದು ತಡಕಾಡುತ್ತಾರೆ. ನಿಜಕ್ಕೂ ಮಾಡಬೇಕಾದ ಕೆಲಸ ಒಂದೇ. ಒಂದು ವಸ್ತುವನ್ನು ಆರಿಸಿಕೊಳ್ಳಿ, ಅದರ ಮೇಲೆ ಯಾವ ಯಾವ ಬಲಗಳು ಬೀಳುತ್ತಿವೆ ಎಂದು ಬಾಣ ಹಾಕಿ ಬರೆಯಿರಿ, ಅವುಗಳ ಮೊತ್ತವನ್ನು ರಾಶಿ × ವೇಗೋತ್ಕರ್ಷಕ್ಕೆ ಸಮ ಮಾಡಿ. ಆ ವಸ್ತು ಮರದ ತುಂಡಾಗಿರಬಹುದು, ಲಿಫ್ಟಿನಲ್ಲಿ ನಿಂತ ಮನುಷ್ಯ ಆಗಿರಬಹುದು, ತೊಟ್ಟಿಯೊಳಗಿನ ನೀರಿನ ಒಂದು ಕಂಬವೂ ಆಗಿರಬಹುದು. ನೀರನ್ನೂ ಒಂದು ವಸ್ತು ಎಂದು ನೋಡಲು ಕಲಿತರೆ ದ್ರವದ ಅಧ್ಯಾಯದ ಅರ್ಧ ಸೂತ್ರಗಳು ತಾವಾಗಿಯೇ ಹುಟ್ಟುತ್ತವೆ.

ಸೈನ್, ಕೊಸೈನ್ ಗೊತ್ತಿದ್ದು ಸರಳ ಸಮೀಕರಣ ಬಿಡಿಸಲು ಬಂದರೆ ಈ ಮಾರ್ಗದರ್ಶಿಗೆ ಸಾಕು. ಗುರುತ್ವ ವೇಗೋತ್ಕರ್ಷವನ್ನು ಎಲ್ಲ ಕಡೆ 9.8 ಮೀ/ಸೆ² ಎಂದೇ ಇಟ್ಟುಕೊಂಡಿದ್ದೇನೆ.

ಹಂತ 1: ಮಾನಗಳನ್ನು ಮೊದಲೇ ಸರಿಮಾಡಿ

ಗಂಟೆಗೆ ಕಿಲೋಮೀಟರ್ ಇದ್ದರೆ 3.6ರಿಂದ ಭಾಗಿಸಿ, ಸೆಕೆಂಡಿಗೆ ಮೀಟರ್ ಸಿಗುತ್ತದೆ. ಇದನ್ನು ಯಾರೂ ಅಷ್ಟಾಗಿ ತಪ್ಪುವುದಿಲ್ಲ. ಎಡವುವುದು ವಿಸ್ತೀರ್ಣದಲ್ಲಿ. ಚದರ ಸೆಂಟಿಮೀಟರನ್ನು ಚದರ ಮೀಟರಿಗೆ ತರಲು 100ರಿಂದ ಅಲ್ಲ, 10,000ರಿಂದ ಭಾಗಿಸಬೇಕು. ಘನ ಸೆಂಟಿಮೀಟರಾದರೆ 10 ಲಕ್ಷದಿಂದ. ಒತ್ತಡದ ಲೆಕ್ಕದಲ್ಲಿ ಉತ್ತರ ನೂರು ಪಟ್ಟು ಹೆಚ್ಚುಕಡಿಮೆ ಬಂದರೆ ಬೇರೆಲ್ಲೂ ಹುಡುಕುವ ಮೊದಲು ಇಲ್ಲಿ ನೋಡಿ.

ರಾಶಿ ಕಿಲೋಗ್ರಾಂನಲ್ಲಿ, ತೂಕ ನ್ಯೂಟನ್‌ನಲ್ಲಿ. ತೂಕ ಒಂದು ಬಲ. ಚಿತ್ರದಲ್ಲಿ ಬಾಣ ಹಾಕಿ ಅದರ ಪಕ್ಕ "10 ಕೆ.ಜಿ." ಎಂದು ಬರೆದರೆ ಅಲ್ಲಿಗೇ ಲೆಕ್ಕ ಕೆಟ್ಟಿತು. ಅಲ್ಲಿ ಇರಬೇಕಾದ್ದು 98 ನ್ಯೂಟನ್.

ಹಂತ 2: ಬಲದ ಮಾತು ಬಿಟ್ಟು ಚಲನೆಯನ್ನಷ್ಟೇ ವಿವರಿಸಿ

ವೇಗೋತ್ಕರ್ಷ ಬದಲಾಗದೆ ಇರುವಾಗ ಐದು ಸಂಗತಿಗಳಿರುತ್ತವೆ: ಮೊದಲ ವೇಗ, ಕೊನೆಯ ವೇಗ, ವೇಗೋತ್ಕರ್ಷ, ಕಾಲ, ಸ್ಥಾನಪಲ್ಲಟ. ಮೂರು ಗೊತ್ತಿದ್ದರೆ ಉಳಿದೆರಡು ಸಿಗುತ್ತವೆ. ಐದನ್ನೂ ಒಂದರ ಕೆಳಗೊಂದು ಬರೆದು, ಗೊತ್ತಿಲ್ಲದ್ದರ ಮುಂದೆ ಪ್ರಶ್ನೆಚಿಹ್ನೆ ಹಾಕಿ. ಪ್ರಶ್ನೆಗೆ ಬೇಡವಾದದ್ದು ಯಾವುದೋ ಅದು ಇಲ್ಲದ ಸಮೀಕರಣವನ್ನು ಆರಿಸಿಕೊಳ್ಳಿ.

ಗಂಟೆಗೆ 72 ಕಿ.ಮೀ. ವೇಗದ ಕಾರು ಬ್ರೇಕ್ ಹಾಕಿ 5 ಮೀ/ಸೆ² ದರದಲ್ಲಿ ನಿಧಾನವಾಗುತ್ತದೆ ಎನ್ನೋಣ. ಮೊದಲ ವೇಗ 20, ಕೊನೆಯ ವೇಗ 0, ವೇಗೋತ್ಕರ್ಷ −5. ದೂರ ಬೇಕು, ಕಾಲ ಬೇಡ. ಹಾಗಾಗಿ ಕೊನೆಯ ವೇಗದ ವರ್ಗ = ಮೊದಲ ವೇಗದ ವರ್ಗ + 2 × ವೇಗೋತ್ಕರ್ಷ × ದೂರ. 0 = 400 − 10 × ದೂರ; ದೂರ 40 ಮೀಟರ್. ವೇಗ ಅರ್ಧವಾಗಿ 36 ಕಿ.ಮೀ. ಇದ್ದಿದ್ದರೆ ದೂರ ಅರ್ಧವಲ್ಲ, ಕಾಲುಭಾಗ, 10 ಮೀಟರ್. ಚಾಲಕ ಬ್ರೇಕ್ ಒತ್ತುವ ಮುಂಚೆ ಒಂದು ಸೆಕೆಂಡ್ ಕಳೆದರೆ ಮೊದಲ ಕಾರು ಆ ಸೆಕೆಂಡಿನಲ್ಲೇ ಇನ್ನೂ 20 ಮೀಟರ್ ಹೋಗಿರುತ್ತದೆ. ಆ ಭಾಗಕ್ಕೆ ವೇಗೋತ್ಕರ್ಷ ಸೊನ್ನೆ, ಆದ್ದರಿಂದ ಅದನ್ನು ಬೇರೆಯಾಗಿ ಲೆಕ್ಕ ಹಾಕಿ ಆಮೇಲೆ ಕೂಡಿಸಬೇಕು. ವೇಗೋತ್ಕರ್ಷ ಎಲ್ಲೆಲ್ಲಿ ಬದಲಾಗುತ್ತದೋ ಅಲ್ಲಲ್ಲಿ ಚಲನೆಯನ್ನು ತುಂಡು ಮಾಡುವುದು ರೂಢಿಯಾಗಲಿ.

ಚಿಹ್ನೆಗಳ ವಿಷಯ: ಯಾವ ದಿಕ್ಕು ಧನ ಎಂದು ನೀವೇ ತೀರ್ಮಾನಿಸಿ, ಹಾಳೆಯ ಮೂಲೆಯಲ್ಲಿ ಒಂದು ಬಾಣ ಹಾಕಿಡಿ, ಮಧ್ಯದಲ್ಲಿ ಬದಲಿಸಬೇಡಿ. ಋಣ ವೇಗೋತ್ಕರ್ಷ ಎಂದರೆ ನಿಧಾನವಾಗುತ್ತಿದೆ ಎಂದೇ ಅರ್ಥವಲ್ಲ. ಮೇಲ್ಮುಖವನ್ನು ಧನ ಎಂದಿಟ್ಟುಕೊಂಡರೆ ಬೀಳುತ್ತಿರುವ ಕಲ್ಲಿನ ವೇಗವೂ ಋಣ, ವೇಗೋತ್ಕರ್ಷವೂ ಋಣ. ಕಲ್ಲು ಮಾತ್ರ ಕ್ಷಣಕ್ಷಣಕ್ಕೂ ಜೋರಾಗುತ್ತಲೇ ಇರುತ್ತದೆ.

ಹಂತ 3: ಒಂದೇ ವಸ್ತುವನ್ನು ಬಿಡಿಸಿ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ಪ್ರಶ್ನೆಯಲ್ಲಿ ಹಲಗೆ, ಹಗ್ಗ, ರಾಟೆ, ನೆಲ ಏನೇ ಇರಲಿ, ನಿಮಗೆ ಬೇಕಾದ ವಸ್ತುವನ್ನು ಮಾತ್ರ ಹಾಳೆಯ ಮೇಲೆ ಒಂಟಿಯಾಗಿ ಬರೆಯಿರಿ. ಆಮೇಲೆ ಎರಡೇ ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಮುಟ್ಟುತ್ತಿರುವವು ಯಾವುವು? ಮುಟ್ಟದೆಯೂ ಎಳೆಯುತ್ತಿರುವುದು ಯಾವುದು? ಆರಂಭದ ಲೆಕ್ಕಗಳಲ್ಲಿ ಎರಡನೆಯದಕ್ಕೆ ಉತ್ತರ ಹೆಚ್ಚಾಗಿ ಭೂಮಿಯೊಂದೇ. ಮುಟ್ಟುತ್ತಿರುವ ಪ್ರತಿಯೊಂದಕ್ಕೂ ಒಂದು ಬಾಣ, ಘರ್ಷಣೆಯಿರುವ ಮೇಲ್ಮೈ ಆದರೆ ಎರಡು: ಮೇಲ್ಮೈಗೆ ಲಂಬವಾಗಿ ಒಂದು, ಮೇಲ್ಮೈಯುದ್ದಕ್ಕೆ ಘರ್ಷಣೆಯದ್ದು ಒಂದು.

ಪ್ರತಿ ಬಾಣಕ್ಕೂ "ಯಾವುದು ಯಾವುದರ ಮೇಲೆ" ಎಂಬ ವಿಳಾಸ ಇರಬೇಕು. ವಿಳಾಸ ಬರೆಯಲಾಗದ ಬಾಣ ಸುಳ್ಳು ಬಾಣ. "ಚಲಿಸುವ ಬಲ" ಎಂದು ಮುಂದಕ್ಕೊಂದು ಬಾಣ ಹಾಕುವವರಿದ್ದಾರೆ. ಎಸೆದ ಚೆಂಡು ಗಾಳಿಯಲ್ಲಿರುವಾಗ ಅದನ್ನು ಮುಂದಕ್ಕೆ ತಳ್ಳುತ್ತಿರುವವರು ಯಾರು? ಕೈ ಯಾವಾಗಲೋ ಬಿಟ್ಟಾಯಿತು. ಗಾಳಿಯ ತಡೆ ಬಿಟ್ಟರೆ ಇರುವುದು ಕೆಳಮುಖದ ತೂಕವೊಂದೇ. ಮುಂದಕ್ಕೆ ಹೋಗುವುದಕ್ಕೆ ಬಲ ಬೇಕಿಲ್ಲ, ವೇಗ ಬದಲಾಗುವುದಕ್ಕೆ ಬೇಕು. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೊದಲ ನಿಯಮದ ತಿರುಳು ಇಷ್ಟೇ. ಹೇಳಲು ಸುಲಭ, ಮನಸ್ಸು ಒಪ್ಪುವುದು ಕಷ್ಟ.

ಪ್ರತಿ ಕ್ರಿಯೆಗೂ ಸಮನಾದ, ಎದುರು ದಿಕ್ಕಿನ ಪ್ರತಿಕ್ರಿಯೆ ಇದೆ ಎನ್ನುವ ಮೂರನೆಯ ನಿಯಮದಲ್ಲೂ ವಿಳಾಸವೇ ಕಾಪಾಡುತ್ತದೆ. ಮೇಜಿನ ಮೇಲಿನ ಪುಸ್ತಕದ ತೂಕ ಕೆಳಕ್ಕೆ, ಮೇಜಿನ ಲಂಬ ಬಲ ಮೇಲಕ್ಕೆ, ಎರಡೂ ಸಮ; ಹಾಗಾದರೆ ಇವು ಕ್ರಿಯೆ-ಪ್ರತಿಕ್ರಿಯೆ ಜೋಡಿ ಅಂದುಬಿಡುತ್ತಾರೆ. ಅಲ್ಲ. ಎರಡೂ ಪುಸ್ತಕದ ಮೇಲೇ ಬಿದ್ದಿವೆ. ಜೋಡಿಯ ಬಲಗಳು ಎಂದೂ ಒಂದೇ ವಸ್ತುವಿನ ಮೇಲಿರುವುದಿಲ್ಲ. "ಭೂಮಿ ಪುಸ್ತಕದ ಮೇಲೆ" ಎಂಬುದರ ಜೋಡಿ "ಪುಸ್ತಕ ಭೂಮಿಯ ಮೇಲೆ". ವಿಳಾಸವನ್ನು ತಿರುಗಿಸಿ ಓದಿದರೆ ಜೋಡಿ ಸಿಕ್ಕಿತು.

ಹಂತ 4: ಅಕ್ಷ ಇಟ್ಟು ಸಮೀಕರಣ ಬರೆಯಿರಿ

ಲಿಫ್ಟಿನ ಲೆಕ್ಕ ಹಳೆಯದಾದರೂ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. 60 ಕೆ.ಜಿ. ರಾಶಿಯ ವ್ಯಕ್ತಿ ತೂಕದ ಯಂತ್ರದ ಮೇಲೆ ನಿಂತಿದ್ದಾರೆ. ಬಾಣ ಎರಡು: ಕೆಳಕ್ಕೆ ತೂಕ 588 ನ್ಯೂಟನ್, ಮೇಲಕ್ಕೆ ಯಂತ್ರದ ಲಂಬ ಬಲ. ಯಂತ್ರ ತೋರಿಸುವುದು ಈ ಲಂಬ ಬಲವನ್ನೇ ಹೊರತು ತೂಕವನ್ನಲ್ಲ. ಮೇಲ್ಮುಖ ಧನ. ಲಿಫ್ಟಿಗೆ ಮೇಲ್ಮುಖವಾಗಿ 2 ಮೀ/ಸೆ² ವೇಗೋತ್ಕರ್ಷವಿದ್ದರೆ ಲಂಬ ಬಲ − 588 = 60 × 2, ಅಂದರೆ 708 ನ್ಯೂಟನ್. ಅದೇ ವೇಗೋತ್ಕರ್ಷ ಕೆಳಮುಖವಾಗಿದ್ದರೆ 468. ಒಂದೇ ವೇಗದಲ್ಲಿ ಏರುತ್ತಿದ್ದರೂ ಇಳಿಯುತ್ತಿದ್ದರೂ 588. ಈಗ ಹೇಳಿ: ಲಿಫ್ಟ್ ಮೇಲೇರುತ್ತಲೇ ನಿಲ್ಲಲು ನಿಧಾನವಾಗುತ್ತಿದೆ, ಯಂತ್ರ ಹೆಚ್ಚು ತೋರಿಸುತ್ತದೋ ಕಡಿಮೆಯೋ? ಚಲನೆ ಮೇಲಕ್ಕಾದರೂ ವೇಗೋತ್ಕರ್ಷ ಕೆಳಕ್ಕೆ, ಆದ್ದರಿಂದ ಕಡಿಮೆ. ಸಮೀಕರಣಕ್ಕೆ ಬೇಕಾದ್ದು ವೇಗೋತ್ಕರ್ಷದ ದಿಕ್ಕು. ಲಿಫ್ಟ್ ಎತ್ತ ಹೋಗುತ್ತಿದೆ ಎಂಬುದು ಅದಕ್ಕೆ ಬೇಕಿಲ್ಲ.

ಇಳಿಜಾರು ಹಲಗೆ ಬಂದರೆ ಅಕ್ಷವನ್ನೂ ಓರೆ ಮಾಡಿ, ಒಂದು ಹಲಗೆಯುದ್ದಕ್ಕೆ, ಇನ್ನೊಂದು ಅದಕ್ಕೆ ಲಂಬವಾಗಿ. 10 ಕೆ.ಜಿ. ತುಂಡು, 30° ಇಳಿಜಾರು, ಜಾರುವ ಘರ್ಷಣೆಯ ಗುಣಾಂಕ 0.2. ತೂಕ 98 ನ್ಯೂಟನ್. ಹಲಗೆಯುದ್ದಕ್ಕೆ ಕೆಳಕ್ಕೆಳೆಯುವ ಪಾಲು 98 × ಸೈನ್ 30° = 49; ಹಲಗೆಯನ್ನು ಒತ್ತುವ ಪಾಲು 98 × ಕೊಸೈನ್ 30° = 84.9. ಘರ್ಷಣೆ 0.2 × 84.9, ಸುಮಾರು 17. ಉಳಿಯುವ 32 ನ್ಯೂಟನ್ನನ್ನು 10ರಿಂದ ಭಾಗಿಸಿದರೆ 3.2 ಮೀ/ಸೆ². ಸೈನ್ ಎಲ್ಲಿ, ಕೊಸೈನ್ ಎಲ್ಲಿ ಎಂದು ಗೊಂದಲವಾದರೆ ಹಲಗೆಯನ್ನು ಮನಸ್ಸಿನಲ್ಲಿ ಪೂರ್ತಿ ಮಲಗಿಸಿ: ಕೋನ ಸೊನ್ನೆಯಾದಾಗ ಜಾರಿಸುವ ಪಾಲು ಸೊನ್ನೆಯಾಗಲೇಬೇಕು, ಹಾಗಾಗಿ ಅದಕ್ಕೆ ಸೈನ್.

ನಿಂತ ವಸ್ತುವಿನ ಘರ್ಷಣೆ ಇನ್ನೊಂದು ಬಲೆ. ಗುಣಾಂಕ × ಲಂಬ ಬಲ ಎನ್ನುವುದು ಅದರ ಗರಿಷ್ಠ ಮಿತಿ ಅಷ್ಟೇ. ಸಮತಟ್ಟು ನೆಲದ ಮೇಲಿನ 10 ಕೆ.ಜಿ. ಪೆಟ್ಟಿಗೆಗೆ ಗುಣಾಂಕ 0.4 ಆದರೆ ಮಿತಿ 39.2 ನ್ಯೂಟನ್. ನೀವು 20 ನ್ಯೂಟನ್‌ನಿಂದ ತಳ್ಳಿದರೆ ಘರ್ಷಣೆಯೂ 20. ಅಲ್ಲಿ 39.2 ಬರೆದವರ ಪೆಟ್ಟಿಗೆ ತಳ್ಳಿದವರ ಕಡೆಗೇ ಓಡಿಬರುತ್ತದೆ!

ಹಂತ 5: ಈಗ ನೀರನ್ನೇ ವಸ್ತು ಎಂದುಕೊಳ್ಳಿ

ತೊಟ್ಟಿಯ ನಿಂತ ನೀರಿನಲ್ಲಿ ಅಡ್ಡಕೊಯ್ತ 1 ಚದರ ಮೀಟರ್, ಎತ್ತರ 3 ಮೀಟರ್ ಇರುವ ನೀರಿನ ಕಂಬವೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಂತ 3ರ ಪ್ರಶ್ನೆಗಳನ್ನೇ ಕೇಳಿ. ಭೂಮಿ ಎಳೆಯುವುದು 3000 ಕೆ.ಜಿ. × 9.8 = 29,400 ನ್ಯೂಟನ್. ಮೇಲಿನಿಂದ ಗಾಳಿ ಒತ್ತುವುದು ಸುಮಾರು 1,01,300 ನ್ಯೂಟನ್. ಅಕ್ಕಪಕ್ಕದ ನೀರು ಎಲ್ಲ ಕಡೆಯಿಂದ ಒತ್ತುತ್ತದೆ, ಆದರೆ ಎದುರುಬದುರಾಗಿ ರದ್ದಾಗುತ್ತದೆ. ಕಂಬ ಅಲ್ಲಾಡದೆ ನಿಂತಿದೆ ಎಂದರೆ ಅದರ ತಳದಿಂದ ಮೇಲ್ಮುಖವಾಗಿ 1,30,700 ನ್ಯೂಟನ್ ಬರುತ್ತಿರಲೇಬೇಕು. ಚದರ ಮೀಟರಿಗೆ ಅಷ್ಟು, ಅಂದರೆ 1,30,700 ಪಾಸ್ಕಲ್. ಒತ್ತಡ = ಮೇಲಿನ ಒತ್ತಡ + ಸಾಂದ್ರತೆ × ಗುರುತ್ವ × ಆಳ ಎಂಬ ಸೂತ್ರ ಇಲ್ಲಿಂದಲೇ ಬಂತು.

ಇದೇ ತೊಟ್ಟಿ ಆ 2 ಮೀ/ಸೆ² ಲಿಫ್ಟಿನಲ್ಲಿ ಮೇಲೇರಿದರೆ? ಕಂಬಕ್ಕೆ ಹೆಚ್ಚುವರಿ 3000 × 2 = 6000 ನ್ಯೂಟನ್ ಬೇಕು, ತಳದ ಒತ್ತಡ 1,36,700 ಪಾಸ್ಕಲ್. ಬರೀ ಸೂತ್ರ ಕಲಿತವರು ಇಲ್ಲಿ ನಿಂತುಬಿಡುತ್ತಾರೆ, ಕಂಬ ಬರೆದವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ತೊಟ್ಟಿಯನ್ನು ಕೈಬಿಟ್ಟು ಬೀಳಿಸಿದರೆ ಕಂಬದ ತೂಕವೆಲ್ಲ ವೇಗೋತ್ಕರ್ಷಕ್ಕೇ ಖರ್ಚಾಗಿ ಮೇಲೂ ಕೆಳಗೂ ಒತ್ತಡ ಒಂದೇ ಆಗುತ್ತದೆ. ಪರೀಕ್ಷಿಸುವುದು ಸುಲಭ. ಪ್ಲಾಸ್ಟಿಕ್ ಬಾಟಲಿಯ ಬುಡದ ಬಳಿ ಮೊಳೆಯಿಂದ ತೂತು ಮಾಡಿ, ಮುಚ್ಚಳ ತೆಗೆದು ನೀರು ತುಂಬಿ. ತೂತಿನಿಂದ ನೀರು ಕಮಾನಾಗಿ ಚಿಮ್ಮುತ್ತದೆ. ತುಸು ಎತ್ತರದಿಂದ ಬಾಟಲಿಯನ್ನು ನೆಟ್ಟಗೆ ಬಿಟ್ಟುಬಿಡಿ, ಬೀಳುತ್ತಿರುವಷ್ಟು ಹೊತ್ತು ಚಿಮ್ಮುವುದು ನಿಲ್ಲುತ್ತದೆ. ಮೊಬೈಲಿನ ನಿಧಾನಗತಿ ವೀಡಿಯೊದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಅಡ್ಡಡ್ಡ ವೇಗೋತ್ಕರ್ಷಕ್ಕೂ ಇದೇ ಉಪಾಯ. ಈ ಸಲ ಕಂಬವನ್ನು ಮಲಗಿಸಿ. ಅದನ್ನು ಮುಂದಕ್ಕೆ ತಳ್ಳಲು ಹಿಂದಿನ ತುದಿಯಲ್ಲಿ ಒತ್ತಡ ಹೆಚ್ಚಿರಬೇಕು, ಅಂದರೆ ಹಿಂದೆ ನೀರಿನ ಮಟ್ಟ ಏರಬೇಕು. ಮಟ್ಟದ ವ್ಯತ್ಯಾಸ ÷ ಉದ್ದ = ವೇಗೋತ್ಕರ್ಷ ÷ ಗುರುತ್ವ. 50 ಸೆಂ.ಮೀ. ಉದ್ದದ ತೊಟ್ಟಿ 2 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಟರೆ ಹಿಂದಿನ ಗೋಡೆಯ ಬಳಿ ನೀರು ಮುಂದಿನದಕ್ಕಿಂತ ಸುಮಾರು 10 ಸೆಂ.ಮೀ. ಮೇಲಿರುತ್ತದೆ.

ಹಂತ 6: ಪಾತ್ರೆಯ ಆಕಾರಕ್ಕೆ ಮೋಸಹೋಗಬೇಡಿ

ತಳ 100 ಚದರ ಸೆಂ.ಮೀ., ನೀರಿನ ಎತ್ತರ 20 ಸೆಂ.ಮೀ. ಇರುವ ಮೂರು ಪಾತ್ರೆಗಳು. ಒಂದು ನೇರ, ಅದರಲ್ಲಿ 2 ಕೆ.ಜಿ. ನೀರು. ಒಂದು ಮೇಲಕ್ಕೆ ಅಗಲವಾಗುವುದು, 5 ಕೆ.ಜಿ. ಇನ್ನೊಂದು ಮೇಲಕ್ಕೆ ಕಿರಿದಾಗುವುದು, 1 ಕೆ.ಜಿ. ಮೂರರಲ್ಲೂ ತಳದ ಮೇಲೆ ನೀರಿನ ಒತ್ತಡ 1960 ಪಾಸ್ಕಲ್, ಬಲ 19.6 ನ್ಯೂಟನ್. (ಗಾಳಿಯ ಒತ್ತಡ ತಳದ ಎರಡೂ ಕಡೆ ಇರುವುದರಿಂದ ಬಿಟ್ಟಿದ್ದೇನೆ.)

9.8 ನ್ಯೂಟನ್ ತೂಗುವ ನೀರು ತಳವನ್ನು 19.6 ನ್ಯೂಟನ್‌ನಿಂದ ಒತ್ತುವುದು ಹೇಗೆ? ಮೂರನೆಯ ಪಾತ್ರೆಯ ನೀರನ್ನು ಬಿಡಿಸಿ ಬರೆದು ನೋಡಿ. ಒಳಕ್ಕೆ ಬಾಗಿದ ಗೋಡೆಯನ್ನು ನೀರು ಮೇಲಕ್ಕೂ ಹೊರಕ್ಕೂ ಒತ್ತುತ್ತದೆ. ಗೋಡೆ ನೀರನ್ನು ಕೆಳಕ್ಕೂ ಒಳಕ್ಕೂ ಒತ್ತುತ್ತದೆ. ಗೋಡೆಯ ಕೆಳಮುಖದ ಪಾಲು 9.8, ನೀರಿನ ತೂಕ 9.8, ತಳ ಹಿಂದಿರುಗಿಸುವುದು 19.6. ಹಾಗಾದರೆ ತೂಕದ ಯಂತ್ರ ಎರಡು ಕೆ.ಜಿ. ತೋರಿಸಬೇಕಲ್ಲ? ಇಲ್ಲ, ಯಂತ್ರದ ಮೇಲೆ ಕೂತಿರುವುದು ಇಡೀ ಪಾತ್ರೆ. ನೀರು ಪಾತ್ರೆಯ ತಳವನ್ನು 19.6ರಿಂದ ಕೆಳಕ್ಕೂ ಗೋಡೆಯನ್ನು 9.8ರಿಂದ ಮೇಲಕ್ಕೂ ತಳ್ಳುತ್ತಿದೆ, ಉಳಿದದ್ದು 9.8. ಎರಡನೆಯ ಪಾತ್ರೆಯಲ್ಲಿ ಓರೆ ಗೋಡೆಯೇ 29.4 ನ್ಯೂಟನ್ ಹೊತ್ತುಕೊಂಡಿದೆ ಎಂದು ನೀವೇ ತೋರಿಸಿ.

ಅಣೆಕಟ್ಟಿನ ಲೆಕ್ಕದಲ್ಲಿ ಒತ್ತಡ ಆಳದ ಜೊತೆ ಒಂದೇ ಸಮ ಏರುತ್ತದೆ, ಆದ್ದರಿಂದ ಸರಾಸರಿ ತೆಗೆದುಕೊಳ್ಳಿ. 4 ಮೀಟರ್ ಆಳದ ನೀರನ್ನು ತಡೆದ 10 ಮೀಟರ್ ಅಗಲದ ಗೋಡೆಗೆ ಸರಾಸರಿ 19,600 ಪಾಸ್ಕಲ್ × 40 ಚದರ ಮೀಟರ್ = 7,84,000 ನ್ಯೂಟನ್. ಹಿಂದಿನ ನೀರು ನೂರು ಮೀಟರ್ ಹರಡಿರಲಿ, ನೂರು ಕಿಲೋಮೀಟರ್ ಹರಡಿರಲಿ, ಲೆಕ್ಕಕ್ಕೆ ಬರುವುದಿಲ್ಲ.

ಹೈಡ್ರಾಲಿಕ್ ಜಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2 ಚದರ ಸೆಂ.ಮೀ. ಪಿಸ್ಟನ್ನಿನ ಮೇಲೆ 200 ನ್ಯೂಟನ್ ಹಾಕಿದರೆ 100 ಚದರ ಸೆಂ.ಮೀ. ಪಿಸ್ಟನ್ನಿನಲ್ಲಿ 10,000 ನ್ಯೂಟನ್. ಆದರೆ ಚಿಕ್ಕದು 50 ಸೆಂ.ಮೀ. ಇಳಿದರೆ ದೊಡ್ಡದು ಏರುವುದು 1 ಸೆಂ.ಮೀ. ಮಾತ್ರ.

ಗಾಳಿಯ ಒತ್ತಡವನ್ನೂ ಸೇರಿಸಬೇಕೋ ಬೇಡವೋ ಎಂಬುದನ್ನು ಪ್ರಶ್ನೆ ಓದಿಯೇ ತೀರ್ಮಾನಿಸಿ. ಟೈರಿನ ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಒಟ್ಟು ಒತ್ತಡ ಬೇಕಿದ್ದರೆ 1,01,300 ಕೂಡಿಸಬೇಕು. ಆ ಸಂಖ್ಯೆ ಪಾದರಸದ 760 ಮಿ.ಮೀ. ಕಂಬಕ್ಕೆ, ನೀರಾದರೆ ಸುಮಾರು 10.3 ಮೀಟರ್ ಕಂಬಕ್ಕೆ ಸಮ. ಮೇಲಿನಿಂದ ಹೀರುವ ಪಂಪು ಅದಕ್ಕಿಂತ ಆಳದ ನೀರನ್ನು ಎತ್ತಲಾರದು. ಹೀರುವುದು ಎಂದು ನಾವು ಕರೆದರೂ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿ. ಇಟಲಿಯ ವಿಜ್ಞಾನಿ ಟಾರಿಚೆಲ್ಲಿ 1643ರಲ್ಲಿ ಪಾದರಸದಿಂದ ಈ ವಿಚಾರ ತೋರಿಸಿದ. 1648ರಲ್ಲಿ ಪಾಸ್ಕಲ್‌ನ ಸಲಹೆಯಂತೆ ಅವನ ಭಾವ ಪೆರಿಯೆ ಫ್ರಾನ್ಸಿನ ಪ್ವಿ ದ ಡೋಮ್ ಬೆಟ್ಟ ಹತ್ತಿ, ಮೇಲೆ ಹೋದಂತೆ ಪಾದರಸ ಇಳಿಯುವುದನ್ನು ಅಳೆದ.

ಹಂತ 7: ತೇಲುವುದು, ಮುಳುಗುವುದು

ಪ್ಲವನ ಬಲ, ಅಂದರೆ ದ್ರವ ವಸ್ತುವನ್ನು ಮೇಲಕ್ಕೆತ್ತುವ ಬಲ, ಹೊಸ ಬಲವೇನಲ್ಲ, ಒತ್ತಡದ ವ್ಯತ್ಯಾಸಕ್ಕೇ ಇಟ್ಟ ಹೆಸರು. 10 ಸೆಂ.ಮೀ. ಬದಿಯ ಘನವೊಂದರ ಮೇಲಿನ ಮುಖ 20 ಸೆಂ.ಮೀ. ಆಳದಲ್ಲಿ, ತಳ 30 ಸೆಂ.ಮೀ. ಆಳದಲ್ಲಿ ಇರಲಿ. ಮೇಲೆ 1960 ಪಾಸ್ಕಲ್, ಕೆಳಗೆ 2940. ವಿಸ್ತೀರ್ಣ 0.01 ಚದರ ಮೀಟರ್. 29.4 − 19.6 = 9.8 ನ್ಯೂಟನ್. ಅದು ಸರಿಯಾಗಿ ಒಂದು ಲೀಟರ್ ನೀರಿನ ತೂಕ, ಘನ ಆಕ್ರಮಿಸಿದ ಜಾಗವೂ ಒಂದು ಲೀಟರ್. ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಘನ ತಳಕ್ಕೆ ಅಂಟಿ ಕೂತು ಕೆಳಗೆ ನೀರೇ ನುಗ್ಗದಿದ್ದರೆ ಮೇಲೆತ್ತುವವರೇ ಇರುವುದಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಈಗ ನನಗೆ ತುಂಬ ಇಷ್ಟದ ಲೆಕ್ಕ. ತೂಕದ ಯಂತ್ರದ ಮೇಲೆ ನೀರಿನ ಬೀಕರ್, ಒಟ್ಟು 3 ಕೆ.ಜಿ. ತೋರಿಸುತ್ತಿದೆ. ಅದೇ ಅಳತೆಯ ಅಲ್ಯೂಮಿನಿಯಂ ಘನವನ್ನು, ಅಂದರೆ 2.7 ಕೆ.ಜಿ., ದಾರ ಕಟ್ಟಿ ಪೂರ್ತಿ ಮುಳುಗಿಸಿದ್ದೀರಿ. ತಳ ಮುಟ್ಟಿಲ್ಲ, ನೀರು ಚೆಲ್ಲಿಲ್ಲ. ಯಂತ್ರ ಎಷ್ಟು ತೋರಿಸುತ್ತದೆ? ದಾರ ಹಿಡಿದಿರುವುದರಿಂದ 3 ಎನ್ನುವವರೂ ಇದ್ದಾರೆ, 5.7 ಎನ್ನುವವರೂ ಇದ್ದಾರೆ. ನೀರು ಘನವನ್ನು 9.8 ನ್ಯೂಟನ್‌ನಿಂದ ಮೇಲಕ್ಕೆ ತಳ್ಳುತ್ತಿದೆ; ವಿಳಾಸ ತಿರುಗಿಸಿದರೆ ಘನ ನೀರನ್ನು 9.8 ನ್ಯೂಟನ್‌ನಿಂದ ಕೆಳಕ್ಕೆ ತಳ್ಳುತ್ತಿದೆ. ಯಂತ್ರ 4 ಕೆ.ಜಿ. ತೋರಿಸುತ್ತದೆ. ದಾರದ ಬಿಗಿತ 26.46 − 9.8 = 16.66 ನ್ಯೂಟನ್. ತಾಳೆ ನೋಡಿ: ಯಂತ್ರದ 39.2 ಮತ್ತು ದಾರದ 16.66 ಸೇರಿ 55.86, ಅದು 5.7 ಕೆ.ಜಿ.ಯ ತೂಕವೇ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಬೆರಳು ಇದ್ದರೆ ಈಗಲೇ ನೋಡಬಹುದು. ಬೆರಳದ್ದಿದರೆ ಅಂಕಿ ಏರುತ್ತದೆ.

ತೇಲುವ ವಸ್ತುವಿಗೆ ತೂಕ = ಪ್ಲವನ ಬಲ, ಹಾಗಾಗಿ ಮುಳುಗಿದ ಭಾಗದ ಪಾಲು ಸಾಂದ್ರತೆಗಳ ಅನುಪಾತ. ಮಂಜುಗಡ್ಡೆ 917, ಸಮುದ್ರದ ನೀರು ಸುಮಾರು 1025 ಕೆ.ಜಿ./ಘನ ಮೀ.; ಮುಳುಗಿದ್ದು ಹೆಚ್ಚುಕಡಿಮೆ ನೂರಕ್ಕೆ 89.5.

ಹಂತ 8: ಹರಿಯುವ ನೀರು

ಅಗಲ ಕೊಳವೆಯಿಂದ ಕಿರಿದಾದ ಕೊಳವೆಗೆ ಬಂದ ನೀರು ಜೋರಾಗುತ್ತದೆ. ಜೋರಾಯಿತು ಎಂದರೆ ಅದಕ್ಕೆ ಮುಂದಕ್ಕೆ ಬಲ ಸಿಕ್ಕಿದೆ, ಅಂದರೆ ಹಿಂದಿನ ಒತ್ತಡ ಮುಂದಿನದಕ್ಕಿಂತ ಹೆಚ್ಚು. ಬರ್ನೌಲಿಯ ತತ್ತ್ವವನ್ನು ಹೀಗೆ ಓದಿದರೆ ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ ಎನ್ನುವುದು ಒಗಟಾಗಿ ಉಳಿಯುವುದಿಲ್ಲ. ಮಟ್ಟವಾದ ಕೊಳವೆಯ ಅಡ್ಡಕೊಯ್ತ ಅರ್ಧವಾಗಿ ವೇಗ 2ರಿಂದ 4 ಮೀ/ಸೆಗೆ ಏರಿದರೆ ಒತ್ತಡದ ಇಳಿಕೆ ½ × 1000 × (16 − 4) = 6000 ಪಾಸ್ಕಲ್. ನೀರಿನ ಜಿಗುಟುತನವನ್ನು ಲೆಕ್ಕಿಸದೆ ಬಂದ ಉತ್ತರ ಇದು. ಉದ್ದದ ಸಣ್ಣ ಕೊಳವೆಗಳಿಗೆ ಹೊಂದದು. ವಿಮಾನದ ರೆಕ್ಕೆಯ ಮೇಲೆ ಮತ್ತು ಕೆಳಗೆ ಸೀಳಿಹೋದ ಗಾಳಿ ಹಿಂದೆ ಒಂದೇ ಕ್ಷಣದಲ್ಲಿ ಸೇರಬೇಕು ಎಂಬ ವಿವರಣೆ ಎಲ್ಲಾದರೂ ಕಂಡರೆ ನಂಬಬೇಡಿ, ಹಾಗೆ ಸೇರಬೇಕೆಂಬ ನಿಯಮವೇ ಇಲ್ಲ.

ಉತ್ತರ ಬಂದ ಮೇಲೆ

ಮಾನ ಸರಿಯಿದೆಯೇ ನೋಡಿ. ಆಮೇಲೆ ಯಾವುದಾದರೂ ಒಂದನ್ನು ಸೊನ್ನೆಗೋ ತೀರಾ ದೊಡ್ಡದಕ್ಕೋ ಒಯ್ದು ನೋಡಿ: ಘರ್ಷಣೆ ಸೊನ್ನೆಯಾದರೆ, ಕೋನ 90° ಆದರೆ ಉತ್ತರ ನಂಬುವಂತಿದೆಯೇ?

ಕೊನೆಗೆ ಎಲ್ಲ ಹಂತಗಳನ್ನೂ ಒಟ್ಟಿಗೆ ಬಳಸುವ ಒಂದು ಪ್ರಶ್ನೆ. 2 ಚದರ ಮೀಟರ್ ವಿಸ್ತೀರ್ಣದ ನೇರ ಗೋಡೆಯ ತೊಟ್ಟಿಯಲ್ಲಿ ಪುಟ್ಟ ದೋಣಿ, ದೋಣಿಯಲ್ಲಿ 3 ಕೆ.ಜಿ. ಕಲ್ಲು. ಕಲ್ಲಿನ ಸಾಂದ್ರತೆ ನೀರಿನ ಮೂರು ಪಟ್ಟು. ಕಲ್ಲನ್ನೆತ್ತಿ ನೀರಿಗೆ ಹಾಕಿದರೆ ತೊಟ್ಟಿಯ ಮಟ್ಟ ಏರುತ್ತದೋ ಇಳಿಯುತ್ತದೋ? ದೋಣಿಯಲ್ಲಿದ್ದಾಗ ಅದು ತನ್ನ ತೂಕಕ್ಕೆ ಸಮನಾದ ನೀರನ್ನು, ಅಂದರೆ 3 ಲೀಟರ್, ಸರಿಸಿತ್ತು. ತಳದಲ್ಲಿ ಬಿದ್ದಾಗ ಸರಿಸುವುದು ತನ್ನ ಗಾತ್ರದಷ್ಟು, 1 ಲೀಟರ್. 2 ಲೀಟರ್ ಕಡಿಮೆಯಾಯಿತು, ಮಟ್ಟ 1 ಮಿ.ಮೀ. ಇಳಿಯಿತು. ಕಲ್ಲಿನ ಬದಲು ಮರದ ತುಂಡನ್ನು ನೀರಿಗೆ ಹಾಕಿದ್ದರೆ ಮಟ್ಟ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಏಕೆ ಎಂಬುದನ್ನು ಬಾಣ ಹಾಕಿ ನೀವೇ ಬರೆದು ನೋಡಿ.